ಆಕಾಶದ ಕಣ್ಣು ಯಾರ ಸ್ವತ್ತು?

ಬಾಹ್ಯಾಕಾಶದ ಕೆಲಸ ನಮ್ಮ ದೇಶದಲ್ಲಿ ಈಗ ಸರ್ಕಾರದ ಕೈಯಲ್ಲಿ ಮಾತ್ರ ಉಳಿದಿಲ್ಲ. ೨೦೨೦ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಅದರ ಬಾಗಿಲನ್ನು ಖಾಸಗಿ ಕಂಪನಿಗಳಿಗೆ ತೆರೆಯಿತು. ಅವುಗಳಿಗೆ ಅನುಮತಿ ಕೊಡುವುದಕ್ಕೆಂದು ‘ಇನ್‌ಸ್ಪೇಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ೨೦೨೨ರ ನವೆಂಬರ್ ೧೮ರಂದು ಹೈದರಾಬಾದಿನ ಸ್ಕೈರೂಟ್ ಕಂಪನಿಯ ‘ವಿಕ್ರಮ್-ಎಸ್’ ರಾಕೆಟ್ಟು ಶ್ರೀಹರಿಕೋಟದಿಂದ ಮೇಲೇರಿತು. ನಮ್ಮ ದೇಶದ ಖಾಸಗಿಯವರು ತಯಾರಿಸಿದ ಇಂಥ ರಾಕೆಟ್ಟು ಹಾರಿದ್ದು ಅದೇ ಮೊದಲು. ೨೦೨೩ರಲ್ಲಿ ಹೊಸ ಬಾಹ್ಯಾಕಾಶ ನೀತಿ ಬಂತು. ೨೦೨೪ರಲ್ಲಿ ಉಪಗ್ರಹ ತಯಾರಿಕೆಗೆ ನೂರಕ್ಕೆ ೭೪ರವರೆಗೆ, ರಾಕೆಟ್ಟಿನ ಕೆಲಸಕ್ಕೆ ನೂರಕ್ಕೆ ೪೯ರವರೆಗೆ ವಿದೇಶಿ ಬಂಡವಾಳ ಸರ್ಕಾರದ ಮುಂಗಡ ಒಪ್ಪಿಗೆಯಿಲ್ಲದೆಯೇ ಬರಬಹುದೆಂದು ನಿಯಮವಾಯಿತು. ೨೦೨೫ರ ಆಗಸ್ಟಿನಲ್ಲಿ ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಮುಂದಾಳುತನದ ಕೂಟಕ್ಕೆ, ಭೂಮಿಯನ್ನು ಮೇಲಿನಿಂದ ನೋಡುವ ೧೨ ಉಪಗ್ರಹಗಳ ಒಂದು ಸಾಲನ್ನು ಕಟ್ಟಿ ನಡೆಸುವ ಕೆಲಸ ದೊರೆಯಿತು. ಐದು ವರ್ಷಗಳಲ್ಲಿ ೧,೨೦೦ ಕೋಟಿ ರೂಪಾಯಿಗೂ ಮೇಲ್ಪಟ್ಟು ಬಂಡವಾಳ ಹೂಡುವುದಾಗಿ ಆ ಕೂಟ ಹೇಳಿದೆ.

ಈ ವಿಚಾರ ಬಂದಾಗ ನಮ್ಮ ಜನರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. “ರಾಕೆಟ್ಟು ಹಾರಿದರೆ ನಮಗೇನು? ಮಿಲ್ಲಿನಲ್ಲಿ ಮೂಟೆ ಹೊರುವವನ ಬೆನ್ನು ನೋವು ಕಡಿಮೆಯಾಗುತ್ತದೆಯೆ?” ಎನ್ನುವವರು ಒಂದು ಕಡೆ. “ಸರ್ಕಾರದ ಕೈಯಲ್ಲಿದ್ದದ್ದೆಲ್ಲ ಹಾಳು, ಖಾಸಗಿಯವರಿಗೆ ಬಿಟ್ಟುಕೊಟ್ಟರೆ ಎಲ್ಲವೂ ತಾನೇ ಸರಿಹೋಗುತ್ತದೆ” ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ರಾಕೆಟ್ಟನ್ನು ಯಾರು ಬೇಕಾದರೂ ಹಾರಿಸಲಿ. ಆದರೆ ಜನರ ಹಣದಿಂದ ಮೇಲಿನಿಂದ ಕಂಡ ಚಿತ್ರ, ಆ ಚಿತ್ರವನ್ನು ಓದಿ ಜನರ ಹಣೆಬರಹ ನಿರ್ಣಯಿಸುವ ಗಣಕದ ಲೆಕ್ಕ, ಇವೆರಡೂ ಎಲ್ಲರಿಗೂ ತೆರೆದಿರಬೇಕು. ಈ ಒಂದು ವಿಷಯದಲ್ಲಿ ನಾವು ಪಟ್ಟು ಸಡಿಲಿಸಕೂಡದು.

ಕಟ್ಟಿದವರು ಯಾರು?

ಮೊದಲು ಸ್ವಲ್ಪ ಚರಿತ್ರೆಯನ್ನು ನೆನೆಯಬೇಕು. ೧೯೬೩ರ ನವೆಂಬರ್ ೨೧ರಂದು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಮೊದಲ ರಾಕೆಟ್ಟು ಹಾರಿತು. ಆ ಊರಿನ ಇಗರ್ಜಿಯೇ ವಿಜ್ಞಾನಿಗಳ ಕಚೇರಿಯಾಗಿತ್ತು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದ ಕಾಲ ಅದು. ನಮ್ಮ ಮೊದಲ ಉಪಗ್ರಹ ‘ಆರ್ಯಭಟ’ವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ಆ ಕೆಲಸದ ಮುಖ್ಯಸ್ಥರಾಗಿದ್ದರು. ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಅದು ಮೇಲೇರಿತು. ಅದೇ ವರ್ಷ ಉಪಗ್ರಹದ ಮೂಲಕ ಕರ್ನಾಟಕವೂ ಸೇರಿದಂತೆ ೬ ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಪಾಠ ಮುಟ್ಟಿಸುವ ಪ್ರಯೋಗ ನಡೆಯಿತು.

ಬೆಳೆಗಾರರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ಆಕಾಶದಿಂದ ನೆಲವನ್ನು ನೋಡುವ ವಿದ್ಯೆ ನಮ್ಮ ದೇಶದಲ್ಲಿ ಮೊದಲಾದದ್ದು ತೆಂಗಿನ ತೋಟದ ಮೇಲೆ. ೧೯೭೦ರಲ್ಲಿ ಪಿ. ಆರ್. ಪಿಷಾರಟಿಯವರೂ ಅವರ ಜೊತೆಗಾರರೂ ಹೆಲಿಕಾಪ್ಟರಿನಲ್ಲಿ ಕ್ಯಾಮರಾ ಇಟ್ಟುಕೊಂಡು ಕೇರಳದ ತೆಂಗಿನ ತೋಟಗಳ ಮೇಲೆ ಹಾರಿ, ಬೇರುರೋಗ ತಗುಲಿದ ಮರಗಳನ್ನು ಚಿತ್ರದಲ್ಲಿ ಗುರುತಿಸಿದರು. ಅಂದರೆ ಈ ವಿದ್ಯೆ ಹುಟ್ಟಿದ್ದೇ ರೈತನ ತೋಟದ ರೋಗವನ್ನು ಕಾಣುವುದಕ್ಕಾಗಿ. ಇದಕ್ಕೆ ಖರ್ಚಾದದ್ದು ಸರ್ಕಾರದ ಹಣ; ಬೆಂಕಿಪೊಟ್ಟಣ ಕೊಂಡವನೂ ಸೀಮೆಎಣ್ಣೆ ಕೊಂಡವನೂ ಕೊಟ್ಟ ತೆರಿಗೆ.

ಅಮೆರಿಕದ ಕಥೆಯೂ ಬೇರೆಯಲ್ಲ. ಖಾಸಗಿ ಸಾಹಸಕ್ಕೆ ಮಾದರಿಯೆಂದು ಹೊಗಳಿಸಿಕೊಳ್ಳುವ ಸ್ಪೇಸ್‌ಎಕ್ಸ್ ಕಂಪನಿ ೨೦೦೨ರಲ್ಲಿ ಆರಂಭವಾಯಿತು. ಅದರ ಮೊದಲ ಮೂರು ರಾಕೆಟ್ಟುಗಳು ಕಕ್ಷೆ ಮುಟ್ಟಲಿಲ್ಲ. ೨೦೦೮ರ ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಮುಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರದ ನಾಸಾ ಸಂಸ್ಥೆ ೧೬೦ ಕೋಟಿ ಡಾಲರಿನ ಸಾಗಾಣಿಕೆ ಗುತ್ತಿಗೆಯನ್ನು ಅದಕ್ಕೆ ಕೊಟ್ಟಿತು. ಕಷ್ಟಕಾಲದಲ್ಲಿ ಕೈ ಹಿಡಿದದ್ದು ಸಾರ್ವಜನಿಕ ಬೊಕ್ಕಸವೇ.

ಹೀಗೆಂದ ಮಾತ್ರಕ್ಕೆ ಖಾಸಗಿಯವರು ಮಾಡಿದ್ದು ಏನೂ ಇಲ್ಲವೆಂದು ನಾವು ವಾದಿಸುವುದಿಲ್ಲ. ಹಾರಿಸಿದ ರಾಕೆಟ್ಟನ್ನು ಮತ್ತೆ ನೆಲಕ್ಕೆ ನೆಟ್ಟಗೆ ಇಳಿಸಿ, ತೊಳೆದು ಒರೆಸಿ ಪುನಃ ಹಾರಿಸುವ ವಿದ್ಯೆಯನ್ನು ೨೦೧೫ರಿಂದೀಚೆಗೆ ಆ ಕಂಪನಿ ಸಾಧಿಸಿತು. ಮೇಲಕ್ಕೆ ಹೊರೆ ಸಾಗಿಸುವ ಖರ್ಚು ಇದರಿಂದ ಇಳಿಯಿತು. ಪಿಕ್ಸೆಲ್ ಕಂಪನಿಯನ್ನು ೨೦೧೯ರಲ್ಲಿ ಗೆಳೆಯನ ಜೊತೆ ಆರಂಭಿಸಿದ ಅವೈಸ್ ಅಹಮದ್ ನಮ್ಮ ಪಕ್ಕದ ಕಾಫಿ ಸೀಮೆಯವರೇ, ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು. ೨೦೨೫ರ ಜನವರಿಯಲ್ಲಿ ಆ ಕಂಪನಿಯ ಮೂರು ಉಪಗ್ರಹಗಳು ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಮೇಲೇರಿದವು. ನಮ್ಮ ಕಣ್ಣಿಗೆ ಎಲೆ ಬರೀ ಹಸಿರಾಗಿ ಕಂಡರೆ, ಅವುಗಳ ಕ್ಯಾಮರಾ ಆ ಹಸಿರನ್ನು ನೂರಕ್ಕೂ ಮಿಕ್ಕಿದ ಬಣ್ಣದ ಎಳೆಗಳಾಗಿ ಬಿಡಿಸಿ ನೋಡುತ್ತದೆ. ಎಲೆ ಬಾಡುವ ಮುಂಚೆಯೇ ಗಿಡದ ಸಂಕಟವನ್ನು ಹೇಳಬಹುದೆಂಬುದು ಅದರ ಭರವಸೆ. ಮಲೆನಾಡಿನ ಹುಡುಗರು ಇಂಥ ಕೆಲಸಕ್ಕೆ ಕೈಹಾಕಿದ್ದು ನಮಗೆ ಹೆಮ್ಮೆಯ ವಿಷಯ. ನಮ್ಮ ಪ್ರಶ್ನೆ ಅವರ ಬುದ್ಧಿಯ ಮೇಲಲ್ಲ, ದೇಶ ಮಾಡಿಕೊಳ್ಳುವ ಕಟ್ಟಳೆಯ ಮೇಲೆ.

ಮೊದಲು ತಿಳಿದವನದೇ ಧಾರಣೆ

ಕೊಡಗಿನವರಿಗೆ ಇದರಿಂದ ಏನು ಸಂಬಂಧ? ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಳೆಯುವುದು ಈ ಪುಟ್ಟ ಜಿಲ್ಲೆಯಲ್ಲಿ. ಆದರೆ ಅದರ ಧಾರಣೆ ಗೋಣಿಕೊಪ್ಪದಲ್ಲಾಗಲಿ ಸೋಮವಾರಪೇಟೆಯಲ್ಲಾಗಲಿ ತೀರ್ಮಾನವಾಗುವುದಿಲ್ಲ. ರೋಬಸ್ಟಾದ ಧಾರಣೆ ಲಂಡನ್ನಿನ ವಾಯಿದೆ ಪೇಟೆಯಲ್ಲಿ, ಅರೇಬಿಕಾದ ಧಾರಣೆ ನ್ಯೂಯಾರ್ಕಿನಲ್ಲಿ ಏರಿಳಿಯುತ್ತದೆ. ೨೦೨೧ರ ಜುಲೈಯಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಹೊಡೆಯಿತು. ನ್ಯೂಯಾರ್ಕಿನಲ್ಲಿ ಬೆಲೆ ಜಿಗಿಯಿತು. ಆ ಹಿಮದ ಸುದ್ದಿ ಯಾರಿಗೆ ಮೊದಲು ತಿಳಿಯಿತೋ ಅವನು ಕೊಂಡ. ಯಾರಿಗೆ ಕೊನೆಗೆ ತಿಳಿಯಿತೋ ಅವನು ಮಾರಿ ಕೂತಿದ್ದ. ವ್ಯಾಪಾರ ಬಲ್ಲ ನಮ್ಮ ಅಂಗಡಿಕಾರ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೯೦ರ ದಶಕದ ನಡುವಿನವರೆಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ ಇತ್ತು. ಬೆಳೆಗಾರನ ಹಣ ಕಂತುಕಂತಾಗಿ ತಡವಾಗಿ ಬರುತ್ತಿತ್ತೆಂಬ ದೂರು ಅದರ ಮೇಲಿತ್ತು, ಅದು ನಿಜವೂ ಆಗಿತ್ತು. ಆದರೆ ಸಣ್ಣವನು ದೊಡ್ಡ ಖರೀದಿದಾರನ ಎದುರು ಒಬ್ಬನೇ ನಿಲ್ಲಬೇಕಾಗಿರಲಿಲ್ಲ. ಪೂಲ್ ಹೋದ ಮೇಲೆ ಎರಡು ಎಕರೆಯ ಬೆಳೆಗಾರನೂ ಲೋಕದ ದೊಡ್ಡ ಖರೀದಿ ಕಂಪನಿಯೂ ಒಂದೇ ಪೇಟೆಯಲ್ಲಿ ಎದುರುಬದುರಾಗಿದ್ದಾರೆ. ಈಗ ಈ ದೊಡ್ಡವರ ಕೈಗೆ ಆಕಾಶದ ಕಣ್ಣೂ ಬಂದಿದೆ. ಫೆಬ್ರವರಿ ಮಾರ್ಚಿಯಲ್ಲಿ ಹೂಮಳೆ ಎಲ್ಲಿ ಬಿತ್ತು, ಎಲ್ಲಿ ತಪ್ಪಿತು, ಫಸಲು ಎಷ್ಟಾಗಬಹುದು ಎಂಬ ಅಂದಾಜನ್ನು ಹಣ ಕೊಟ್ಟು ಕೊಳ್ಳಬಲ್ಲವನು ಒಬ್ಬ. ಕಾಫಿ ಮಂಡಳಿಯ ಅಂದಾಜು ಪ್ರಕಟವಾಗುವವರೆಗೆ ಕಾಯಬೇಕಾದವನು ಇನ್ನೊಬ್ಬ. ಸಿದ್ದಾಪುರದ ಸಣ್ಣ ಖರೀದಿದಾರ ಚೆರಿ ಮೂಟೆಗೆ ಬೆಲೆ ಕಟ್ಟುವಾಗ ಕತ್ತಲಲ್ಲಿ ಕೈಯಾಡಿಸಬೇಕು. ಕುಶಾಲನಗರದ ಕೂಡ್ಲೂರಿನ ಕ್ಯೂರಿಂಗ್ ಮಿಲ್ಲಿನಲ್ಲಿ ಬೀಜ ಆರಿಸುವ ಹೆಂಗಸರಿಗೆ ಈ ವರ್ಷ ಎಷ್ಟು ತಿಂಗಳ ಕೆಲಸವೆಂಬುದು ಧಣಿಗೆ ಮುಂಚೆ ಗೊತ್ತಿರುತ್ತದೆ. ಅವರಿಗೆ ಗೇಟಿನಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಉದಾಹರಣೆ ಕೊಡುತ್ತೇವೆ. ನಮ್ಮ ಜಿಲ್ಲೆಯಲ್ಲಿ ಕರಿಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಉಂಟು. ಪರಿಹಾರ ಬರುವುದು ಬಳ್ಳಿ ಸತ್ತದ್ದನ್ನು ನೋಡಿ ಅಲ್ಲ. ಪಂಚಾಯಿತಿಯ ಮಳೆಮಾಪಕ ಯಂತ್ರ ಬರೆದ ಅಂಕಿಯನ್ನು ನೋಡಿ. ಬೆಳೆಗಾರನ ತೋಟದಲ್ಲಿ ನೀರು ನಿಂತು ಬಳ್ಳಿ ಕೊಳೆತಿದ್ದರೂ, ಯಂತ್ರ ಇಲ್ಲವೆಂದರೆ ಇಲ್ಲ. ಇತರ ಬೆಳೆಗಳ ವಿಮೆಯಲ್ಲಿ ಉಪಗ್ರಹದ ಚಿತ್ರವನ್ನು ಈಗಾಗಲೇ ಲೆಕ್ಕಕ್ಕೆ ಹಿಡಿಯಲು ಆರಂಭಿಸಿದ್ದಾರೆ. ನಾಳೆ ನಮ್ಮ ತೋಟಕ್ಕೂ ಅದು ಬಂದಾಗ, ಮೇಲಿನ ಕಣ್ಣು ಏನು ಕಂಡಿತು, ಗಣಕ ಅದನ್ನು ಹೇಗೆ ಕೂಡಿಸಿ ಕಳೆಯಿತು ಎಂದು ಕೇಳುವ ಹಕ್ಕು ಬೆಳೆಗಾರನಿಗೆ ಇರಬೇಡವೆ? “ಅದು ಕಂಪನಿಯ ಗುಟ್ಟು” ಎಂಬ ಉತ್ತರವನ್ನು ನಾವು ಒಪ್ಪಬೇಕೆ?

ಬೀಗ ಹಾಕಿದ ಯಂತ್ರ, ತೆರೆದ ಯಂತ್ರ

ಇಲ್ಲಿಯೇ ತಂತ್ರಾಂಶದ ಪ್ರಶ್ನೆ ಬರುತ್ತದೆ. ಗಣಕಕ್ಕೂ ಫೋನಿಗೂ ಹೀಗೆ ಮಾಡು, ಹಾಗೆ ಮಾಡು ಎಂದು ಬರೆದುಕೊಟ್ಟ ಆಜ್ಞೆಗಳ ಪಟ್ಟಿಗೆ ತಂತ್ರಾಂಶವೆಂದು ಹೆಸರು. ಮಿಲ್ಲಿನ ಕೆಲಸಗಾರರು ಇದನ್ನು ಹೀಗೆ ತಿಳಿಯಬಹುದು. ಸಿಪ್ಪೆ ಸುಲಿಯುವ ಯಂತ್ರವೊಂದು ಬಂತು. ಅದರ ಮುಚ್ಚಳಕ್ಕೆ ಕಂಪನಿ ಬೀಗ ಹಾಕಿದೆ. ಕೆಟ್ಟರೆ ಕಂಪನಿಯ ಆಳೇ ಬರಬೇಕು, ಅವನು ಹೇಳಿದಷ್ಟು ಕೊಡಬೇಕು. ಮುಚ್ಚಳ ತೆಗೆದವನು ಅಪರಾಧಿ. ಇದು ಮುಚ್ಚಿದ ತಂತ್ರಾಂಶ. ಇನ್ನೊಂದು ಯಂತ್ರದ ಮುಚ್ಚಳ ತೆರೆದಿದೆ, ನಕ್ಷೆಯೂ ಜೊತೆಗಿದೆ. ಬಲ್ಲವನು ರಿಪೇರಿ ಮಾಡಬಹುದು, ಉತ್ತಮಪಡಿಸಬಹುದು, ಅದರಂತೆ ಇನ್ನೊಂದನ್ನು ಮಾಡಿ ಪಕ್ಕದ ಮಿಲ್ಲಿಗೆ ಕೊಡಬಹುದು. ಇದು ಮುಕ್ತ ತಂತ್ರಾಂಶ.

ಈ ಚಳವಳಿ ಹುಟ್ಟಿದ ಹಿನ್ನೆಲೆಯೂ ಇಂಥದೇ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸ್ಟಾಲ್ಮನ್ ಅವರ ಪ್ರಯೋಗಾಲಯಕ್ಕೆ ಒಂದು ಮುದ್ರಣ ಯಂತ್ರ ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ತಿಳಿಸುವಂತೆ ಅದನ್ನು ತಿದ್ದಲು ಅವರು ಬಯಸಿದರು. ಮೂಲ ಬರವಣಿಗೆ ಇದ್ದವರು ಕೊಡಲು ಒಪ್ಪಲಿಲ್ಲ. ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದರು. ನೆರೆಯವನಿಗೆ ನೆರವಾಗುವುದನ್ನೇ ಅಪರಾಧ ಮಾಡುವ ಕಟ್ಟಳೆಯನ್ನು ಒಪ್ಪಲಾಗದೆಂದು ಸ್ಟಾಲ್ಮನ್ ೧೯೮೩ರಲ್ಲಿ ಮುಕ್ತ ತಂತ್ರಾಂಶದ ಕೆಲಸವನ್ನು ಸಾರಿದರು. ೧೯೮೯ರಲ್ಲಿ ಅದಕ್ಕೊಂದು ಕಾನೂನಿನ ಪತ್ರವೂ ಆಯಿತು: ಬಳಸು, ತಿದ್ದು, ಹಂಚು, ಆದರೆ ಹಂಚುವಾಗ ನೀನೂ ಬೀಗ ಹಾಕಕೂಡದು. ೧೯೯೧ರಲ್ಲಿ ಫಿನ್‌ಲೆಂಡಿನ ೨೧ ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಬರೆದು ಲೋಕದ ಮುಂದಿಟ್ಟ. ಸಾವಿರಾರು ಜನ ಅದಕ್ಕೆ ಕೈ ಸೇರಿಸಿದರು. ಅಂಗಡಿಕಾರರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

ಸ್ವಾರಸ್ಯವೇನೆಂದರೆ, ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ ರಾಕೆಟ್ಟಿನೊಳಗಿನ ಗಣಕಗಳೂ ಲಿನಕ್ಸಿನ ಮೇಲೆಯೇ ನಡೆಯುತ್ತವೆ. ೨೦೨೧ರಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರಿನಲ್ಲಿಯೂ ಅದೇ ಇತ್ತು. ಖಾಸಗಿ ರಾಕೆಟ್ಟಿನ ಹೊಟ್ಟೆಯಲ್ಲಿ ಲೋಕದ ಜನ ಬಿಟ್ಟಿ ಬರೆದುಕೊಟ್ಟ ವಿದ್ಯೆ ಕೂತಿದೆ! ಹಂಚಿಕೊಂಡರೆ ಕೆಲಸ ಕೆಡುತ್ತದೆ, ಗುಟ್ಟಾಗಿಟ್ಟರೆ ಮಾತ್ರ ಉದ್ಯಮ ಬೆಳೆಯುತ್ತದೆ ಎನ್ನುವವರು ಇದಕ್ಕೇನು ಹೇಳುತ್ತಾರೆ?

ಬೀಗದ ಕಷ್ಟವನ್ನು ಕನ್ನಡದ ಮುದ್ರಣಾಲಯಗಳವರು ಸ್ವತಃ ಅನುಭವಿಸಿದ್ದಾರೆ. ಒಂದು ತಂತ್ರಾಂಶದಲ್ಲಿ ಜೋಡಿಸಿದ ಕನ್ನಡ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಲಗ್ನಪತ್ರಿಕೆಯನ್ನು ಒಂದೂರಿನಲ್ಲಿ ಜೋಡಿಸಿ ಇನ್ನೊಂದೂರಿನಲ್ಲಿ ಅಚ್ಚು ಹಾಕುವಂತಿರಲಿಲ್ಲ. ಯುನಿಕೋಡ್ ಎಂಬ ಎಲ್ಲರಿಗೂ ತೆರೆದ ಏರ್ಪಾಡು ಬಳಕೆಗೆ ಬಂದ ಮೇಲೆ ಈ ಗೋಳು ಬಹುಮಟ್ಟಿಗೆ ತಪ್ಪಿತು. ಅಕ್ಷರಕ್ಕೆ ಬೀಗ ಹಾಕಿದರೆ ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನೆರೆಯ ಕೇರಳವನ್ನು ನೋಡೋಣ. ಕುಟ್ಟದ ಗಡಿಯನ್ನೋ ಮಾಕುಟ್ಟದ ಗಡಿಯನ್ನೋ ದಾಟಿದರೆ ಅಲ್ಲಿನ ಸರ್ಕಾರಿ ಶಾಲೆಗಳ ಗಣಕಗಳಲ್ಲಿ ಮುಕ್ತ ತಂತ್ರಾಂಶವನ್ನೇ ಕಲಿಸುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿಯೇ ಆ ರಾಜ್ಯ ಈ ತೀರ್ಮಾನ ಮಾಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕದ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕನ್ನಡದ ಮಗುವಿಗೆ ಕೇರಳ ಸರ್ಕಾರ ಕೊಟ್ಟದ್ದನ್ನು ಕನ್ನಡ ರಾಜ್ಯದ ಸರ್ಕಾರ ಏಕೆ ಕೊಡಕೂಡದು?

ಕುಸಿಯುವ ಬೆಟ್ಟ, ತೆರೆದ ಚಿತ್ರ

೨೦೧೮ರ ಆಗಸ್ಟನ್ನು ಈ ಜಿಲ್ಲೆ ಮರೆಯುವಂತಿಲ್ಲ. ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಗಳು ಮನೆ ತೋಟಗಳ ಸಮೇತ ಜಾರಿದವು. ಜೋಡುಪಾಲದಲ್ಲಿ ಮಂಗಳೂರು ದಾರಿ ಕಡಿಯಿತು. ೨೦೧೯ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, ೨೦೨೦ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮಳೆಗಾಲದಲ್ಲಿ ನಮ್ಮ ಮೇಲೆ ಮೋಡ ಕವಿದಿರುವುದರಿಂದ ಸಾಧಾರಣ ಕ್ಯಾಮರಾದ ಉಪಗ್ರಹ ಕುರುಡಾಗುತ್ತದೆ. ಮೋಡವನ್ನು ಭೇದಿಸಿ ನೋಡುವುದಕ್ಕೆ ರೇಡಾರ್ ಬೇಕು. ೨೦೨೫ರ ಜುಲೈ ೩೦ರಂದು ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ ‘ನಿಸಾರ್’ ಉಪಗ್ರಹ ಶ್ರೀಹರಿಕೋಟದಿಂದ ಮೇಲೇರಿತು. ೧೨ ದಿನಗಳಿಗೊಮ್ಮೆ ಅದು ಒಂದೇ ಜಾಗವನ್ನು ಮರಳಿ ನೋಡುತ್ತದೆ; ನೆಲ ಕೆಲವು ಸೆಂಟಿಮೀಟರ್ ಸರಿದರೂ ಗುರುತಿಸಬಲ್ಲದು. ಬೆಟ್ಟ ಯಾವ ಗಳಿಗೆಯಲ್ಲಿ ಕುಸಿಯುತ್ತದೆಂದು ಅದು ಹೇಳಲಾರದು. ಆದರೆ ಯಾವ ಇಳಿಜಾರು ಮೆಲ್ಲಗೆ ಸರಿಯುತ್ತಿದೆಯೆಂದು ಹೇಳುವ ಶಕ್ತಿ ಅದಕ್ಕುಂಟು. ಅದರ ಮಾಹಿತಿ ಲೋಕದ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿರಬೇಕೆಂದು ಎರಡು ದೇಶಗಳೂ ಒಪ್ಪಿವೆ. ಇಂಥ ಚಿತ್ರಗಳನ್ನು ಭೂಪಟದ ಮೇಲೆ ಜೋಡಿಸಿ ನೋಡಲು ‘ಕ್ಯುಜಿಐಎಸ್’ ಎಂಬ ಮುಕ್ತ ತಂತ್ರಾಂಶವೂ ಇದೆ, ಕಾಸು ಕೊಡಬೇಕಾಗಿಲ್ಲ. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಕಲಿತರೆ, ತಮ್ಮ ಪಂಚಾಯಿತಿಯ ಬೆಟ್ಟದ ಲೆಕ್ಕವನ್ನು ತಾವೇ ಇಡಬಹುದು. ತೆರೆದ ಕಣ್ಣು, ತೆರೆದ ಲೆಕ್ಕ ಎಂದರೆ ಇದೇ.

ಮೇಲಿನ ಚಿತ್ರ ಅರ್ಧ ಸತ್ಯ ಮಾತ್ರವೆಂಬುದನ್ನೂ ಹೇಳಬೇಕು. ನಮ್ಮ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಆಕಾಶದಿಂದ ನೋಡಿದವನಿಗೆ ಕಾಣುವುದು ಸಿಲ್ವರ್ ಓಕಿನ ನೆತ್ತಿ, ಅತ್ತಿ ಹಲಸಿನ ನೆತ್ತಿ. ಅದರ ಕೆಳಗಿನ ಕಾಫಿ ಗಿಡವಲ್ಲ. ನೆಲದ ಮೇಲೆ ನಿಂತವನು ‘ಇಲ್ಲಿ ಇದು ಇದೆ’ ಎಂದು ಹೇಳದೆ ಆ ಚಿತ್ರಕ್ಕೆ ಅರ್ಥ ಬರುವುದಿಲ್ಲ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು ಸೆಂಟುಗಳಲ್ಲಿ ದಿನವೂ ಬರೆದಿಡುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ರೈಟರು ಬರೆದ ಆ ಪುಸ್ತಕ, ಕೆಲಸಗಾರರು ಕಂಡ ರೋಗದ ಗುರುತು, ಇವೆಲ್ಲ ಬೆಲೆಬಾಳುವ ವಿದ್ಯೆ. ಇದನ್ನು ಬಿಟ್ಟಿಯಾಗಿ ಪಡೆದು, ಗಣಕಕ್ಕೆ ತುಂಬಿ, ಅದರಿಂದ ಬಂದ ಅಂದಾಜನ್ನು ದೊಡ್ಡ ಖರೀದಿದಾರನಿಗೆ ಮಾರಿದರೆ, ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯೇ ನಿಜವಾಗುತ್ತದೆ.

ಆಕ್ಷೇಪಗಳಿಗೆ ಉತ್ತರ

“ಚಿತ್ರವನ್ನೆಲ್ಲ ಬಿಟ್ಟಿ ಹಂಚಿದರೆ ಕಂಪನಿ ಬದುಕುವುದು ಹೇಗೆ?” ಎಂದು ಕೇಳುವವರುಂಟು. ಕಂಪನಿ ತನ್ನ ಹಣದಿಂದ ತೆಗೆದು ತನ್ನ ಗಿರಾಕಿಗೆ ಮಾರುವ ಚಿತ್ರವನ್ನು ಕಸಿದುಕೊಳ್ಳಿ ಎಂದು ನಾವು ಹೇಳಿಲ್ಲ. ಸರ್ಕಾರ ತೆರಿಗೆಯ ಹಣದಿಂದ ಕೊಂಡದ್ದು ತೆರಿಗೆ ಕೊಟ್ಟವನಿಗೆ ಕಾಣಬೇಕು ಎಂಬುದಷ್ಟೇ ನಮ್ಮ ಮಾತು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಹಿಂದೆ ಬೆಲೆ ಕಟ್ಟಿ ಮಾರುತ್ತಿದ್ದರು. ೨೦೦೮ರಲ್ಲಿ ಬೆಲೆ ತೆಗೆದರು. ಬಳಕೆ ಹಲವು ಪಟ್ಟು ಹೆಚ್ಚಿತು, ಅದನ್ನಾಧರಿಸಿ ಹೊಸ ಉದ್ಯೋಗಗಳು ಹುಟ್ಟಿದವು. ಲಿನಕ್ಸಿನ ಸೇವೆ ಮಾಡಿಯೇ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ ೨೦೧೯ರಲ್ಲಿ ೩,೪೦೦ ಕೋಟಿ ಡಾಲರಿಗೆ ಕೊಂಡಿತು. ತೆರೆದಿಟ್ಟವರು ಉಪವಾಸ ಬಿದ್ದಿಲ್ಲ.

“ದೇಶದ ಭದ್ರತೆ ಏನಾಗಬೇಕು?” ಎಂಬುದು ಇನ್ನೊಂದು ಆಕ್ಷೇಪ. ಸೈನ್ಯದ ನೆಲೆಗಳನ್ನು ಮರೆಯಲ್ಲಿಡಲಿ. ಕೊಡಗು ಸೈನಿಕರ ನಾಡು, ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಕುಸಿಯುವ ಬೆಟ್ಟವೂ ಕೊಳೆತ ಮೆಣಸಿನ ಬಳ್ಳಿಯೂ ಸೈನ್ಯದ ಗುಟ್ಟಲ್ಲ. ೨೦೨೩ರ ನೀತಿಯೇ, ೫ ಮೀಟರು ಅಥವಾ ಅದಕ್ಕಿಂತ ಒರಟಾದ ವಿವರದ ಸರ್ಕಾರಿ ಉಪಗ್ರಹ ಚಿತ್ರಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಡತಕ್ಕದ್ದೆಂದು ಹೇಳಿದೆ. ಇದನ್ನು ನಾವು ಮೆಚ್ಚುತ್ತೇವೆ. ಆದರೆ ಅದಕ್ಕಿಂತ ಸೂಕ್ಷ್ಮವಾದ ಚಿತ್ರಕ್ಕೆ ಸರ್ಕಾರದ ಹೊರಗಿನವರು ಬೆಲೆ ಕೊಡಬೇಕು. ಒಂದೊಂದು ಮನೆ, ಒಂದೊಂದು ಬಿರುಕು ಕಾಣುವುದು ಆ ಸೂಕ್ಷ್ಮ ಚಿತ್ರದಲ್ಲಿಯೇ.

ಆದುದರಿಂದ ನಮ್ಮ ಬೇಡಿಕೆಗಳು ಇವು:

೧. ಕೊಡಗಿನ ಅಪಾಯದ ಇಳಿಜಾರುಗಳ ಉಪಗ್ರಹ ಚಿತ್ರ, ಸೂಕ್ಷ್ಮವಾದವೂ ಸೇರಿ, ಕನ್ನಡದ ವಿವರಣೆಯೊಡನೆ ಮಳೆಗಾಲಕ್ಕೆ ಮುಂಚೆ ಪ್ರತಿ ಗ್ರಾಮ ಪಂಚಾಯಿತಿಗೆ ಮುಟ್ಟಬೇಕು.

೨. ಬೆಳೆ ವಿಮೆ, ಪರಿಹಾರಗಳನ್ನು ನಿರ್ಣಯಿಸುವ ಯಾವ ತಂತ್ರಾಂಶವನ್ನು ಸರ್ಕಾರ ಕೊಂಡರೂ ಅದರ ಮೂಲ ಬರವಣಿಗೆ ತೆರೆದಿರಬೇಕು. ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ೨೦೧೫ರಲ್ಲಿಯೇ ಪ್ರಕಟಿಸಿದೆ. ಅದು ಕಾಗದದಿಂದ ಇಳಿದು ಬರಲ���.

೩. ಕಾಫಿ ಮಂಡಳಿ ಉಪಗ್ರಹದ ನೆರವಿನಿಂದ ಫಸಲಿನ ಅಂದಾಜನ್ನು ಹೆಚ್ಚು ಸಲ ಮಾಡಿ, ಎಲ್ಲರಿಗೂ ಒಂದೇ ದಿನ ಪ್ರಕಟಿಸಬೇಕು.

೪. ತೋಟದ ಮಳೆಯ ಲೆಕ್ಕ, ರೋಗದ ಲೆಕ್ಕವನ್ನು ನಮ್ಮಿಂದ ಪಡೆಯುವ ಸಂಸ್ಥೆ, ಅದರಿಂದ ಬಂದ ತಿಳಿವಳಿಕೆಯನ್ನು ಆಯಾ ಊರಿಗೆ ಹಿಂತಿರುಗಿಸಬೇಕು.

೫. ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ಕನ್ನಡದಲ್ಲಿ ಕಲಿಸಬೇಕು.

ಇವು ಆಕಾಶಕ್ಕೆ ಏಣಿ ಹಾಕುವ ಬೇಡಿಕೆಗಳಲ್ಲ. ಇವುಗಳಲ್ಲಿ ಹಲವನ್ನು ಯಾರೋ ಎಲ್ಲಿಯೋ ಈಗಾಗಲೇ ಮಾಡಿ ತೋರಿಸಿದ್ದಾರೆ. ಮಿಲ್ಲಿನ ಸಂಘದವರು, ವರ್ತಕರ ಸಂಘದವರು, ಸಣ್ಣ ಬೆಳೆಗಾರರು ತಮ್ಮ ಮುಂದಿನ ಸಭೆಗಳಲ್ಲಿ ಈ ವಿಷಯವನ್ನು ಎತ್ತಿ ನಿರ್ಣಯ ಮಾಡಿ ಜಿಲ್ಲಾಧಿಕಾರಿಗಳಿಗೂ ಕಾಫಿ ಮಂಡಳಿಗೂ ಕಳುಹಿಸಬೇಕೆಂದು ನಾವು ಕೋರುತ್ತೇವೆ. ನೆಲ ನಮ್ಮದು, ಬೆವರು ನಮ್ಮದು, ತೆರಿಗೆ ನಮ್ಮದು. ಅದನ್ನು ಮೇಲಿನಿಂದ ನೋಡಿದ ಲೆಕ್ಕವನ್ನು ನಮ್ಮಿಂದಲೇ ಮುಚ್ಚಿಡಲು ಯಾರಿಗೂ ಅಧಿಕಾರವಿಲ್ಲ.